ಫೋನ್ ಇಟ್ಟು ಕೇಳ್ತೀನಿ

ನ್ಯೂಯಾರ್ಕಿನ ಕ್ರೀಡಾ ರೇಡಿಯೋಗೆ ಫೋನ್ ಮಾಡುವವರಿಗೆ ಎರಡು ಮಾತು ಬಾಯಿಪಾಠ. ಲೈನ್ ಸಿಕ್ಕ ಕೂಡಲೇ 'ಫಸ್ಟ್ ಟೈಮ್, ಲಾಂಗ್ ಟೈಮ್' ಅನ್ನುತ್ತಾರೆ. ಫೋನ್ ಮಾಡ್ತಿರೋದು ಇದೇ ಮೊದಲು, ಕೇಳ್ತಾ ಇರೋದು ಮಾತ್ರ ಬಹಳ ವರ್ಷದಿಂದ ಅಂತ ಅರ್ಥ. ಮಾತು ಮುಗಿಸುವಾಗ 'ಫೋನ್ ಇಟ್ಟು ಕೇಳ್ತೀನಿ' ಅನ್ನುತ್ತಾರೆ. ನಿಮ್ಮ ಉತ್ತರ ರೇಡಿಯೋದಲ್ಲೇ ಕೇಳಿಸಿಕೊಳ್ಳುತ್ತೇನೆ, ಲೈನು ಇನ್ನೊಬ್ಬರಿಗೆ ಸಿಗಲಿ ಅಂತ. ಈ ಎರಡು ಮಾತಿನ ನಡುವೆ ನಡೆಯುವ ಎರಡು ಮೂರು ನಿಮಿಷದ ಹರಟೆ ಇದೆಯಲ್ಲ, ಅದು ನನ್ನನ್ನು ಇಪ್ಪತ್ತೈದು ವರ್ಷ ಈ ದೇಶದಲ್ಲಿ ಸಾಕಿದೆ.

ನಾನು ನ್ಯೂಜೆರ್ಸಿಗೆ ಬಂದದ್ದು 1999ರಲ್ಲಿ. ವೈಟುಕೆ ಕೆಲಸ, ಅಂದರೆ 2000ನೇ ಇಸವಿಗೆ ಕಂಪ್ಯೂಟರ್‌ಗಳ ತಾರೀಖು ಸರಿಪಡಿಸೋದು. ಸಿಕಾಕಸ್‌ನಲ್ಲಿ ಆಫೀಸು, ಎಡಿಸನ್‌ನಲ್ಲಿ ಬಾಡಿಗೆ ರೂಮು. ಎರಡನೇ ಶಿಫ್ಟ್ ಮುಗಿಸಿ ಕಾರು ಹತ್ತುವಾಗ ರಾತ್ರಿ ಹನ್ನೆರಡೂವರೆ ಆಗಿರುತ್ತಿತ್ತು. ಕಾರು ಕೊಟ್ಟವರು ನಮ್ಮ ಮನೆ ಮಾಲೀಕರೇ. ಹಳೇ ಟೊಯೋಟಾ. ಅದರ ಕ್ಯಾಸೆಟ್ ಪ್ಲೇಯರ್ ಟೇಪು ನುಂಗುತ್ತಿತ್ತು. ಊರಿಂದ ತಂದಿದ್ದ ಭಾವಗೀತೆ ಕ್ಯಾಸೆಟ್ ಎರಡನ್ನು ಅದು ಬಲಿ ತಗೊಂಡ ಮೇಲೆ ಉಳಿದದ್ದು ರೇಡಿಯೋ ಒಂದೇ. ಮೊದಲನೇ ಬಟನ್ ಒತ್ತಿದರೆ ಎಎಂ 660, ಅದೇ ಆ ಕ್ರೀಡಾ ರೇಡಿಯೋ. ಮಾಲೀಕರು ಎಂದೋ ಹಾಕಿಟ್ಟದ್ದು, ನಾನು ಬದಲಾಯಿಸಲಿಲ್ಲ.

ಬೇಸ್‌ಬಾಲ್ ನನಗೆ ಆಗ ಒಂದಕ್ಷರ ಗೊತ್ತಿರಲಿಲ್ಲ. ಟರ್ನ್‌ಪೈಕ್ ಅನ್ನೋ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬರುತ್ತಿದ್ದೆ. ಬಲಗಡೆ ನ್ಯೂವರ್ಕ್ ಏರ್‌ಪೋರ್ಟಿನ ದೀಪ, ಸ್ವಲ್ಪ ಮುಂದೆ ಲಿಂಡೆನ್‌ನ ತೈಲ ಶುದ್ಧೀಕರಣ ಘಟಕದ ಬೆಂಕಿ ಮತ್ತು ವಾಸನೆ. ಸೇತುವೆ ಕೆಳಗೆ ನುಗ್ಗಿದಾಗಲೆಲ್ಲ ಎಎಂ ರೇಡಿಯೋ ಗೊರ್ರ್ ಅಂದು ಮಾತು ಮುಳುಗುತ್ತಿತ್ತು, ಆಚೆ ಬಂದ ಕೂಡಲೇ ಎದ್ದು ಬರುತ್ತಿತ್ತು. ಯಾರು ಯಾರನ್ನು ಬೈತಿದ್ದಾರೆ, ಯಾತಕ್ಕೆ ಅಂತ ತಿಳಿಯುತ್ತಿರಲಿಲ್ಲ. ಆದರೆ ಆ ಬೈಗುಳದಲ್ಲಿ ಕೋಪ ಇಲ್ಲ ಅನ್ನೋದು ಮಾತ್ರ ಮೊದಲ ವಾರದಲ್ಲೇ ಗೊತ್ತಾಗಿತ್ತು. ಅದನ್ನು ನಾನು ತಿಪಟೂರಿನಲ್ಲಿ ಕಲಿತಿದ್ದೆ.

ತಿಪಟೂರಿನಲ್ಲಿ ನಮ್ಮ ಬೀದಿ ಕೊನೆಗೆ ಒಂದು ಕಟಿಂಗ್ ಶಾಪ್ ಇತ್ತು. ಎರಡು ಕುರ್ಚಿ, ಎದುರುಬದುರು ಕನ್ನಡಿ, ಮೂಲೆಯ ಹಲಗೆ ಮೇಲೆ ಒಂದು ರೇಡಿಯೋ. ಟೆಸ್ಟ್ ಮ್ಯಾಚ್ ಇದ್ದ ದಿನ ಅಲ್ಲಿ ಕಟಿಂಗ್ ಮಾಡಿಸಿಕೊಳ್ಳುವವರಿಗಿಂತ ಸುಮ್ನೆ ಕೂತವರೇ ಜಾಸ್ತಿ. ಕೊಬ್ಬರಿ ಮಂಡಿಯವರು, ಹೈಸ್ಕೂಲ್ ಮೇಷ್ಟ್ರು, ಬಸ್ ಏಜೆಂಟು, ನನ್ನಂಥ ಹುಡುಗರು. ವಿಷಯ ಯಾವಾಗಲೂ ಒಂದೇ: ವಿಶ್ವನಾಥ್ ಮೇಲೋ, ಗಾವಸ್ಕರ್ ಮೇಲೋ. ವಿಶಿ ಭದ್ರಾವತಿಯವರು, ನಮ್ಮವರು. 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಎದುರು ತಂಡವೆಲ್ಲ ಸೇರಿ 190 ಹೊಡೆದಾಗ ಅವರೊಬ್ಬರೇ 97 ಹೊಡೆದು ಔಟಾಗದೆ ಉಳಿದಿದ್ದರು. ಆ 97 ನಮ್ಮ ಬೀದಿಯಲ್ಲಿ ಯಾವ ಸೆಂಚುರಿಗಿಂತಲೂ ದೊಡ್ಡದು.

ಮೇಷ್ಟ್ರು ಗಾವಸ್ಕರ್ ಕಡೆ. ತಂತ್ರ, ತಾಳ್ಮೆ, ಹೆಲ್ಮೆಟ್ ಇಲ್ಲದೆ ವೆಸ್ಟ್ ಇಂಡೀಸ್ ಎದುರು ಆಡಿದ್ದು, ಎಲ್ಲ ಹೇಳುತ್ತಿದ್ದರು. ಅಂಗಡಿಯ ಅಣ್ಣ ಪೂರ್ತಿ ಕೇಳಿಸಿಕೊಂಡು, ಕತ್ತಿ ಮಸೆಯುತ್ತಾ, ಒಂದೇ ಮಾತು ಹೇಳುತ್ತಿದ್ದರು. "36."

ಅಷ್ಟೇ. ಅಂಗಡಿಗೆ ಅಂಗಡಿಯೇ ನಗುತ್ತಿತ್ತು. 1975ರ ಮೊದಲ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಎದುರು ಗಾವಸ್ಕರ್ 60 ಓವರ್ ಪೂರ್ತಿ ಆಡಿ 36 ಹೊಡೆದು ವಾಪಸ್ ಬಂದಿದ್ದರು. ಆ ಒಂದು ಸಂಖ್ಯೆ ಮೇಷ್ಟ್ರ ಅರ್ಧ ಗಂಟೆಯ ವಾದವನ್ನು ಮಲಗಿಸುತ್ತಿತ್ತು. ಮೇಷ್ಟ್ರು ಶೇವಿಂಗ್‌ಗೆ ಕೂತಿದ್ದಾಗಲೂ ಅಣ್ಣ ಬಿಡುತ್ತಿರಲಿಲ್ಲ. ಕುತ್ತಿಗೆ ಮೇಲೆ ಕತ್ತಿ ಇರುವಾಗ ಯಾರು ತಾನೇ ವಾದಿಸೋಕಾಗುತ್ತೆ? ಆದರೆ ಅಣ್ಣನ ದೊಡ್ಡಗುಣ ಅಲ್ಲೇ ಇತ್ತು. "36" ಅಂದ ಮೇಲೆ ಕತ್ತಿಯನ್ನು ಮೇಲಕ್ಕೆತ್ತಿ ಹಿಡಿದು, ಕನ್ನಡಿಯಲ್ಲಿ ಮೇಷ್ಟ್ರ ಮುಖ ನೋಡುತ್ತಾ ನಿಲ್ಲುತ್ತಿದ್ದರು. "ಹೇಳಿ ಮೇಷ್ಟ್ರೇ, ಏನೋ ಹೇಳೋಕೆ ಬಂದ್ರಿ." ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡು ಮೇಷ್ಟ್ರು ಉತ್ತರ ಕೊಡುತ್ತಿದ್ದರು. ಆ ಉತ್ತರ ಮುಗಿಯುವ ತನಕ ಕತ್ತಿ ಕೆಳಗಿಳಿಯುತ್ತಿರಲಿಲ್ಲ.

660 ಕೇಳುವಾಗ ನನಗೆ ಕಾಣುತ್ತಿದ್ದದ್ದು ಆ ಎತ್ತಿದ ಕತ್ತಿಯೇ.

ಈ ಸ್ಟೇಷನ್ನಿನ ಹೆಸರು ಡಬ್ಲ್ಯುಎಫ್‌ಎಎನ್. ಜನ 'ದಿ ಫ್ಯಾನ್' ಅನ್ನುತ್ತಾರೆ. 1987ರ ಜುಲೈ 1ರಂದು ಶುರುವಾಯಿತು. ದಿನದ 24 ಗಂಟೆಯೂ ಬರೀ ಕ್ರೀಡೆಯ ಮಾತು ಅಂತ ಹೊರಟ ಮೊದಲ ಸ್ಟೇಷನ್ ಅದು. ಹಾಡಿಲ್ಲ, ನಾಟಕ ಇಲ್ಲ. ಹೀಗೆ ನಡೆಯೋಕೆ ಸಾಧ್ಯವಾ ಅಂದವರೇ ಆಗ ಜಾಸ್ತಿ. ಮೊದಲು 1050ರಲ್ಲಿ ಇತ್ತು, ಮರುವರ್ಷ ಅಕ್ಟೋಬರಿನಲ್ಲಿ 660ಕ್ಕೆ ಬಂತು. 50,000 ವ್ಯಾಟ್ ಶಕ್ತಿ. ರಾತ್ರಿ ಹೊತ್ತು ಎಎಂ ಅಲೆಗಳು ಆಕಾಶಕ್ಕೆ ಬಡಿದು ದೂರ ದೂರ ಇಳಿಯುತ್ತವೆ. ಹಾಗಾಗಿ ನ್ಯೂಯಾರ್ಕ್ ಬಿಟ್ಟು ಹೋದವರು ಇನ್ಯಾವುದೋ ರಾಜ್ಯದಲ್ಲಿ ಲಾರಿ ಓಡಿಸುತ್ತಾ ಇದನ್ನೇ ಕೇಳುತ್ತಾರೆ, ಅಲ್ಲಿಂದಲೇ ಫೋನ್ ಮಾಡುತ್ತಾರೆ.

ಹಗಲಿನ ದೊಡ್ಡ ಹೆಸರು ಮೈಕ್ ಫ್ರಾನ್ಸೆಸಾ ಮತ್ತು ಕ್ರಿಸ್ ರುಸ್ಸೊ ಜೋಡಿ. 1989ರ ಸೆಪ್ಟೆಂಬರಿನಿಂದ 2008ರ ಆಗಸ್ಟ್‌ವರೆಗೆ, 19 ವರ್ಷ. ರಜೆ ಇದ್ದ ದಿನ ಮಾತ್ರ ನನಗೆ ಸಿಗುತ್ತಿದ್ದರು. ಫ್ರಾನ್ಸೆಸಾ ಮಾತು ಭಾರ, ನಿಧಾನ, ಎಲ್ಲ ಗೊತ್ತಿರುವ ಊರಗೌಡರ ಹಾಗೆ. ರುಸ್ಸೊ ಕೀರಲು ದನಿ, ಒಂದು ವಾಕ್ಯ ಮುಗಿಯುವ ಮುಂಚೆ ಇನ್ನೊಂದು. ಹೆಸರುಗಳನ್ನು ತಪ್ಪು ಉಚ್ಚರಿಸಿ ಇನ್ನಷ್ಟು ಜೋರಾಗಿ ಕೂಗುತ್ತಿದ್ದ. ನ್ಯೂಯಾರ್ಕಿನಲ್ಲಿ ಕೂತು ಅವನ ಪ್ರಾಣ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಅನ್ನೋ ಬೇಸ್‌ಬಾಲ್ ತಂಡದ ಮೇಲೆ. 2002ರ ವರ್ಲ್ಡ್ ಸೀರೀಸಿನಲ್ಲಿ, ಅಂದರೆ ಏಳು ಪಂದ್ಯದವರೆಗೆ ಹೋಗಬಹುದಾದ ಬೇಸ್‌ಬಾಲ್ ಫೈನಲ್‌ನಲ್ಲಿ, ಅವರು ಆರನೇ ಪಂದ್ಯದಲ್ಲಿ 5-0 ಮುಂದಿದ್ದು ಸೋತರು, ಏಳನೆಯದನ್ನೂ ಸೋತರು. ಅವನನ್ನು ಕೆಣಕೋಕೆ ಜನರಿಗೆ ಬೇರೆ ಏನು ಬೇಕಿತ್ತು?

ಫೋನ್ ಮಾಡುವವರಲ್ಲಿ ನನಗೆ ತುಂಬಾ ಇಷ್ಟ ಆದವರು ಆಟಗಾರರ ಅದಲುಬದಲು ಮಾಡಿಸುವವರು. "ನಮ್ಮ ಮೂರು ಜನ ಕೊಟ್ಟುಬಿಡೋಣ, ಅವರ ಆ ಒಬ್ಬ ಪಿಚರ್ ತರೋಣ" ಅಂತ ಬರುತ್ತಾರೆ. ಪಿಚರ್ ಅಂದರೆ ಚೆಂಡು ಎಸೆಯುವವನು. ಆ ಮೂರು ಜನ ಯಾರು ಅಂತ ಕೇಳಿದರೆ, ಬೆಂಚಿನಿಂದ ಏಳದವರು. ಮೂರು ಜೊಳ್ಳುಕಾಯಿ ಕೊಟ್ಟು ಒಂದು ಮೂಟೆ ಕೊಬ್ಬರಿ ಕೇಳಿದ ಹಾಗೆ. ಹೋಸ್ಟ್ ತಡೆದು, "ನೀನು ಆ ಕಡೆ ಮ್ಯಾನೇಜರ್ ಆಗಿದ್ದರೆ ಒಪ್ಪುತ್ತಿದ್ದೆಯಾ?" ಅಂತ ಕೇಳುತ್ತಾನೆ. ಒಂದು ಕ್ಷಣ ಮೌನ. "ಇಲ್ಲ, ಆದರೂ ಒಂದು ಸಲ ಕೇಳೋದ್ರಲ್ಲಿ ಏನು ತಪ್ಪು?" ಈ 'ಆದರೂ ಒಂದು ಸಲ' ಅನ್ನೋ ಆಸೆ ನನಗೆ ಚೆನ್ನಾಗಿ ಗೊತ್ತು. 2008ರಿಂದ ಪ್ರತಿ ಏಪ್ರಿಲ್‌ನಲ್ಲಿ 'ಈ ಸಲ ಕಪ್ ನಮ್ದೇ' ಅಂದುಕೊಂಡು 18ನೇ ಸೀಸನ್‌ವರೆಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಬೇಸ್‌ಬಾಲ್ ನನಗೆ ಹತ್ತಿದ್ದು 2000ದ ಅಕ್ಟೋಬರಿನಲ್ಲಿ. ಮೆಟ್ಸ್ ಮತ್ತು ಯಾಂಕೀಸ್, ಒಂದೇ ಊರಿನ ಎರಡು ತಂಡ, ವರ್ಲ್ಡ್ ಸೀರೀಸಿನಲ್ಲಿ ಎದುರುಬದುರು. ಎರಡನೇ ಪಂದ್ಯದಲ್ಲಿ ಯಾಂಕೀಸ್‌ನ ರೋಜರ್ ಕ್ಲೆಮೆನ್ಸ್ ಎಸೆದ ಚೆಂಡಿಗೆ ಮೆಟ್ಸ್‌ನ ಮೈಕ್ ಪಿಯಾಜ಼ಾನ ಬ್ಯಾಟು ಚೂರಾಯಿತು. ಕ್ಲೆಮೆನ್ಸ್ ಆ ಬ್ಯಾಟಿನ ತುಂಡು ಎತ್ತಿ ಓಡುತ್ತಿದ್ದ ಪಿಯಾಜ಼ಾ ಕಡೆಗೆ ಎಸೆದ. ಆಮೇಲೆ ಅದನ್ನು ಚೆಂಡು ಅಂದುಕೊಂಡೆ ಅಂದ. ವಾರಗಟ್ಟಲೆ ರೇಡಿಯೋದಲ್ಲಿ ಇದೇ. ಬ್ಯಾಟು ಬೀಸಿದವನು ಓಡುವುದು ಫಸ್ಟ್ ಬೇಸ್ ಕಡೆಗೆ, ಅವನನ್ನು ಔಟ್ ಮಾಡೋಕೆ ಚೆಂಡನ್ನು ಅಲ್ಲಿಗೇ ಎಸೆಯಬೇಕು. ಒಂದು ರಾತ್ರಿ ಬ್ರೂಕ್ಲಿನ್‌ನಿಂದ ಒಬ್ಬ ಮುದುಕ ಬಹಳ ಮೆಲ್ಲಗೆ ಕೇಳಿದ, "ಚೆಂಡು ಅಂದುಕೊಂಡಿದ್ರೆ ಫಸ್ಟ್ ಬೇಸ್‌ಗೆ ಎಸೀಬೇಕಿತ್ತಲ್ಲ? ಓಡೋವನಿಗೆ ಯಾಕೆ ಎಸೆದ?" ಯಾಂಕೀಸ್ ಕಡೆಯ ಹೋಸ್ಟ್ ಐದು ಸೆಕೆಂಡ್ ಸುಮ್ಮನಾದ. ಆಮೇಲೆ ನಕ್ಕುಬಿಟ್ಟ. ನಾನು ಕಾರಿನಲ್ಲಿ ಒಬ್ಬನೇ ಜೋರಾಗಿ ನಕ್ಕೆ. ಈ ದೇಶಕ್ಕೆ ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ಸೀರೀಸ್ ಯಾಂಕೀಸ್ 4-1ರಲ್ಲಿ ಗೆದ್ದರು. ನಾನು ಅಷ್ಟರಲ್ಲಿ ಮೆಟ್ಸ್ ಕಡೆ ಆಗಿಹೋಗಿದ್ದೆ.

ರಾತ್ರಿಯವರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ನಾನೂ ರಾತ್ರಿಯವನೇ. ನಡುರಾತ್ರಿಯ ನಂತರ ಫೋನ್ ಮಾಡುವವರು ಬೇರೆ ಜನ. ಬೇಕರಿಯಲ್ಲಿ ಹಿಟ್ಟು ನಾದುವವರು, ಟ್ಯಾಕ್ಸಿಯವರು, ಆಸ್ಪತ್ರೆ ಸೆಕ್ಯುರಿಟಿಯವರು, ನಿದ್ದೆ ಬಾರದವರು. ಸ್ಟೇಷನ್ ಶುರುವಾದ ವರ್ಷವೇ ರಾತ್ರಿ ಪಾಳಿಗೆ ಸೇರಿದ ಸ್ಟೀವ್ ಸೋಮರ್ಸ್ 2021ರ ತನಕ ಅಲ್ಲಿದ್ದರು. ಮೆತ್ತನೆ ದನಿ. ಮೊದಲ ಮಾತನ್ನು ಕಾಗದದ ಮೇಲೆ ಬರೆದುಕೊಂಡು ಬಂದು ಓದುತ್ತಿದ್ದರು, ಒಳ್ಳೆ ಹರಿಕಥೆಯ ಪೀಠಿಕೆ ಹಾಗೆ. ಅವರಿಗೆ ಆಗಾಗ 'ಕ್ವೀನ್ಸ್‌ನ ಜೆರ್ರಿ' ಅಂತ ಒಬ್ಬ ಫೋನ್ ಮಾಡುತ್ತಿದ್ದ. ಅದು ಹಾಸ್ಯನಟ ಜೆರ್ರಿ ಸೈನ್‌ಫೆಲ್ಡ್. ದೇಶಕ್ಕೆಲ್ಲ ಗೊತ್ತಿರುವ ಮನುಷ್ಯ ಇಲ್ಲಿ ಹೆಸರು, ಬಡಾವಣೆ ಅಷ್ಟೇ ಹೇಳಿ ಮೆಟ್ಸ್ ಬಗ್ಗೆ ಗೊಣಗುತ್ತಿದ್ದ.

ಹೆಸರು ಮತ್ತು ಊರು. ಇದು ಈ ರೇಡಿಯೋದ ನಿಯಮ. ಅಡ್ಡಹೆಸರು ಬೇಡ, ಕೆಲಸ ಬೇಡ, ಸಂಬಳ ಬೇಡ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರಾಯ್ತು ತಮ್ದು?" ಅಂತ ಕೇಳ್ತಾರಲ್ಲ, ಹಾಗೆ. ಊರು ಹೇಳಿದ ಮೇಲೆ ಮಾತು ತಾನೇ ಬರುತ್ತೆ.

ಹಾಗೆ ಹೆಸರು ಮತ್ತು ಊರಿನಿಂದಲೇ ಒಬ್ಬರ ಬದುಕು ತಿರುಗಿತು. ನ್ಯೂಜೆರ್ಸಿಯ ಸ್ಯಾಡಲ್ ರಿವರ್‌ನಿಂದ ಜೋ ಅನ್ನುವವರು ದಿನಾ ಫೋನ್ ಮಾಡುತ್ತಿದ್ದರು. ಮೆಟ್ಸ್, ಅಮೆರಿಕನ್ ಫುಟ್‌ಬಾಲಿನ ಜೆಟ್ಸ್ ಎರಡಕ್ಕೂ ಅಂಟಿಕೊಂಡ ಜೀವ. ಜೆಟ್ಸ್ ಆ ಆಟದ ಫೈನಲ್ ಆದ ಸೂಪರ್ ಬೌಲ್ ಗೆದ್ದದ್ದು 1969ರಲ್ಲಿ ಒಂದೇ ಸಲ, ಮೆಟ್ಸ್ ಕೊನೆಯ ಸಲ ವರ್ಲ್ಡ್ ಸೀರೀಸ್ ಗೆದ್ದದ್ದು 1986ರಲ್ಲಿ. ಅಂದರೆ ಸಂಕಟ ತೋಡಿಕೊಳ್ಳೋಕೆ ವಿಷಯಕ್ಕೆ ಬರ ಇರಲಿಲ್ಲ. 1994ರಲ್ಲಿ ಸ್ಟೇಷನ್ ಕೇಳುಗರಿಗೆ ಒಂದು ಸ್ಪರ್ಧೆ ಇಟ್ಟಿತು, ಗೆದ್ದವರಿಗೆ ಹೋಸ್ಟ್ ಆಗುವ ಅವಕಾಶ. ಜೋ ಬೆನಿನ್ಯೊ ಗೆದ್ದರು. ಮರುವರ್ಷ ರಾತ್ರಿ ಪಾಳಿಯ ಹೋಸ್ಟ್ ಆದರು. ಸಾಲಿನಲ್ಲಿ ಕಾಯುತ್ತಾ ನಿಂತಿದ್ದವರು ಕತ್ತಿ ಹಿಡಿಯುವ ಜಾಗಕ್ಕೆ ಬಂದರು. ಅದಕ್ಕೇ ಇರಬೇಕು, ಅವರು ಯಾರ ಫೋನನ್ನೂ ಕಸದ ಹಾಗೆ ಎಸೆಯುತ್ತಿರಲಿಲ್ಲ.

ಕ್ವೀನ್ಸ್‌ನ ರೀಗೊ ಪಾರ್ಕ್‌ನಿಂದ ಒಬ್ಬ ಹೆಂಗಸು ರಾತ್ರಿ ಒಂದು ಗಂಟೆ ಸುಮಾರಿಗೆ ಫೋನ್ ಮಾಡುತ್ತಿದ್ದರು. ಬರೀ ಮೆಟ್ಸ್ ಬಗ್ಗೆ. ಲೆಕ್ಕಾಚಾರ ಎಲ್ಲ ಪಕ್ಕಾ, ಯಾವ ಬೌಲರ್ ಎಷ್ಟು ಚೆಂಡು ಎಸೆದ ಅನ್ನೋ ತನಕ. ಬೌಲರ್ ಅಂದೆ, ಪಿಚರ್ ಅನ್ನಬೇಕು, ನನಗೆ ಇನ್ನೂ ಬಾಯಿಗೆ ಅದೇ ಬರುತ್ತೆ. ಮಾತಿನ ನಡುವೆ ಅವರಿಗೆ ಕೆಮ್ಮು ಬರುತ್ತಿತ್ತು. ಕ್ಷಮಿಸಿ ಅಂತ ಹೇಳಿ ಕೆಮ್ಮಿ ಮತ್ತೆ ಶುರು ಮಾಡುತ್ತಿದ್ದರು. ರೇಡಿಯೋದಲ್ಲಿ ಎರಡು ಸೆಕೆಂಡ್ ಮೌನ ಅಂದರೆ ದೊಡ್ಡದು. ಆದರೂ ಹೋಸ್ಟ್ ಕಾಯುತ್ತಿದ್ದರು. ಕೆಮ್ಮು ನಿಂತ ಮೇಲೆ, "ಹೇಳಿ, ಎಂಟನೇ ಇನ್ನಿಂಗ್ಸ್‌ನಲ್ಲಿ ಏನಾಗಬೇಕಿತ್ತು ಅಂದ್ರಿ?" ಅಂತ ಅವರು ಬಿಟ್ಟ ಜಾಗದಿಂದಲೇ ಎತ್ತಿಕೊಡುತ್ತಿದ್ದರು. 2003ರಲ್ಲಿ ಆ ಹೆಂಗಸು ತೀರಿಕೊಂಡರು. ನಾನು ಅವರ ಮುಖ ನೋಡಿರಲಿಲ್ಲ. ಆ ವಾರ ರಾತ್ರಿ ಒಂದು ಗಂಟೆಗೆ ಲಿಂಡೆನ್ ಹತ್ತಿರ ಬಂದಾಗ ಕೈ ತಾನಾಗಿಯೇ ವಾಲ್ಯೂಮ್ ಕಡೆ ಹೋಗುತ್ತಿತ್ತು.

ಎಲ್ಲ ಹೋಸ್ಟ್‌ಗಳೂ ಹೀಗೇ ಅಂತ ಹೇಳಲಾರೆ. ಫೋನ್ ಮಾಡಿದವನನ್ನು ದಡ್ಡ ಅಂದು, ಅವನು ಬಾಯಿ ತೆರೆಯುವ ಮುಂಚೆ ಲೈನ್ ಕತ್ತರಿಸಿ, ಅದನ್ನೇ ಮನರಂಜನೆ ಅನ್ನುವವರೂ ಇದ್ದಾರೆ. ಅಂಥವರು ಬಂದಾಗ ನಾನು ರೇಡಿಯೋ ಆಫ್ ಮಾಡಿದ್ದೇನೆ. ಕೆಣಕೋದು ಬೇರೆ, ಕುಯ್ಯೋದು ಬೇರೆ. ಇನ್ನೊಂದು ಬೇಜಾರು ಬೆಟ್ಟಿಂಗ್‌ನದು. 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ನ್ಯೂಜೆರ್ಸಿಯಲ್ಲಿ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧ ಆಯಿತು. ಈಗ ಜಾಹೀರಾತೆಲ್ಲ ಅದೇ, ಫೋನ್ ಮಾಡುವವರ ಪ್ರಶ್ನೆಗಳೂ ಅದೇ. ಎಷ್ಟು ಅಂತರದಿಂದ ಗೆಲ್ತಾರೆ, ಎಷ್ಟು ಕಟ್ಟಬಹುದು. ದುಡ್ಡು ಕಳಕೊಂಡವನ ಜೊತೆ ತಮಾಷೆ ಮಾಡೋದು ಕಷ್ಟ. ತಂಡ ಸೋತರೆ ಸೋತದ್ದು ಎಲ್ಲರೂ, ದುಡ್ಡು ಹೋದರೆ ಅವನೊಬ್ಬನದು.

ನಮ್ಮ ಕನ್ನಡದಲ್ಲಿ ಇಂಥ ರೇಡಿಯೋ ಬೇಕು ಅಂತ ನನಗೆ ಬಹಳ ಆಸೆ. ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂದದ್ದು 2001ರಲ್ಲಿ. ಮಾತುಗಾರರಿಗೇನು ಕೊರತೆ ಇಲ್ಲ, ಆದರೆ ಕ್ರಿಕೆಟ್ ಮಾತು ಎರಡು ಹಾಡಿನ ಮಧ್ಯೆ ಚಟ್ನಿ ಹಾಗೆ ಬಂದು ಹೋಗುತ್ತೆ. ಊಟವೇ ಅದು ಆಗಬೇಕು. ಮ್ಯಾಚ್ ಮುಗಿದ ರಾತ್ರಿ ಹನ್ನೊಂದರಿಂದ ಒಂದರ ತನಕ, ಬರೀ ಫೋನು. ಮಂಡ್ಯದಿಂದ ಒಬ್ಬರು, ರಾಯಚೂರಿಂದ ಒಬ್ಬರು, ಕಾಸರಗೋಡಿನಿಂದ ಒಬ್ಬರು. ಧಾರವಾಡದವರ ಬೈಗುಳ ಮಂಗಳೂರಿನವರಿಗೆ ಕೇಳಬೇಕು, ಮಂಗಳೂರಿನವರ ಉತ್ತರ ಧಾರವಾಡದವರಿಗೆ. ಯೋಚಿಸಿದರೇ ನಗು ಬರುತ್ತೆ, ಅಲ್ವಾ?

ನಾನು ಫೋನ್ ಮಾಡಿದ್ದು ಒಂದೇ ಒಂದು ಸಲ. 2007ರ ಅಕ್ಟೋಬರ್ 1, ಸೋಮವಾರ ರಾತ್ರಿ.

ಹಿಂದಿನ ದಿನ ಮೆಟ್ಸ್ ಮುಳುಗಿತ್ತು. 17 ಪಂದ್ಯ ಬಾಕಿ ಇದ್ದಾಗ ತನ್ನ ಗುಂಪಿನಲ್ಲಿ ಎಲ್ಲರಿಗಿಂತ 7 ಪಂದ್ಯದಷ್ಟು ಮುಂದಿದ್ದ ತಂಡ. ಆ 17ರಲ್ಲಿ 12 ಸೋತರು. ಕೊನೆಯ ದಿನ ಫ್ಲಾರಿಡಾ ಮಾರ್ಲಿನ್ಸ್ ಎದುರು ಟಾಮ್ ಗ್ಲ್ಯಾವಿನ್ ಅನ್ನುವ ದೊಡ್ಡ ಪಿಚರ್ ಒಬ್ಬನನ್ನೇ ಔಟ್ ಮಾಡಿ 7 ರನ್ ಕೊಟ್ಟು ಹೋದ. ಫಿಲಡೆಲ್ಫಿಯಾ ಒಂದು ಪಂದ್ಯದ ಅಂತರದಲ್ಲಿ ಮುಂದೆ ಹೋಯಿತು.

ಆ ರಾತ್ರಿ ಟರ್ನ್‌ಪೈಕ್ ಇಳಿದು ಮನೆ ಮುಂದೆ ಕಾರು ನಿಲ್ಲಿಸಿದರೂ ಒಳಗೆ ಹೋಗೋ ಮನಸ್ಸಾಗಲಿಲ್ಲ. ರೇಡಿಯೋದಲ್ಲಿ ಎಲ್ಲರೂ ಸಾವಿನ ಮನೆಯಲ್ಲಿ ಕೂತ ಹಾಗೆ ಮಾತಾಡುತ್ತಿದ್ದರು. ಮೊಬೈಲ್ ತೆಗೆದು ನಂಬರ್ ಒತ್ತಿದೆ. ಹತ್ತು ಸಲ ಎಂಗೇಜ್. ಹನ್ನೊಂದನೇ ಸಲ ಒಬ್ಬ ಹುಡುಗ ಎತ್ತಿದ. ಹೆಸರು? ಎಲ್ಲಿಂದ? ಏನು ವಿಷಯ? ಮೂರೇ ಪ್ರಶ್ನೆ. ಆಮೇಲೆ, "ರೇಡಿಯೋ ಸೌಂಡ್ ಕಡಿಮೆ ಮಾಡ್ಕೊಳ್ಳಿ, ಕಾಯ್ತಾ ಇರಿ." ರೇಡಿಯೋ ಕೆಲವು ಸೆಕೆಂಡ್ ತಡವಾಗಿ ಬರುತ್ತೆ, ಯಾರಾದರೂ ಕೆಟ್ಟ ಮಾತು ಆಡಿದರೆ ಅಳಿಸೋಕೆ. ಎರಡೂ ಒಟ್ಟಿಗೆ ಕೇಳಿದರೆ ಮಾತು ತಡವರಿಸುತ್ತೆ. 40 ನಿಮಿಷ ಫೋನು ಕಿವಿಗೆ ಹಿಡಿದು ಕೂತಿದ್ದೆ. ಕಿವಿ ಬಿಸಿ ಆಗಿತ್ತು. ಹೇಳಬೇಕಾದ್ದನ್ನು ಪಾರ್ಕಿಂಗ್ ಚೀಟಿ ಹಿಂದೆ ಬರೆದುಕೊಂಡಿದ್ದೆ.

ಹೋಸ್ಟ್ ಊರಿನ ಹೆಸರಲ್ಲೇ ಕರೆದ, "ಎಡಿಸನ್, ಹೇಳು."

"ಫಸ್ಟ್ ಟೈಮ್, ಲಾಂಗ್ ಟೈಮ್."

"ಎಷ್ಟು ಲಾಂಗ್?"

"8 ವರ್ಷ. ಇಂಡಿಯಾದಿಂದ ಬಂದಾಗಿನಿಂದ."

"ಇಂಡಿಯಾದಿಂದ ಬಂದೆ. ಇಲ್ಲಿ ಎರಡು ತಂಡ ಇತ್ತು. ಒಂದು 26 ಸಲ ಗೆದ್ದಿತ್ತು. ನೀನು ಇನ್ನೊಂದನ್ನು ಹಿಡಕೊಂಡೆ. ನಿನ್ನನ್ನು ಈ ಗುಂಡಿಗೆ ತಳ್ಳಿದ ಪುಣ್ಯಾತ್ಮ ಯಾರು?"

"ಮನೆ ಮಾಲೀಕರು."

"ಬಾಡಿಗೆ ಏನಾದ್ರೂ ಕಡಿಮೆ ಮಾಡಿದ್ರಾ?"

"ಇಲ್ಲ."

"ಹಾಗಾದ್ರೆ ನಾಳೆ ಬೆಳಗ್ಗೆನೇ ಹೋಗಿ ಅಡ್ವಾನ್ಸ್ ವಾಪಸ್ ಕೇಳು."

ನಾನು ನಕ್ಕೆ. ಚೀಟಿಯಲ್ಲಿ ಬರೆದುಕೊಂಡದ್ದು ಮರೆತೇಹೋಯಿತು. ಅವನು ಸುಮ್ಮನಿದ್ದ. ಲೈನ್ ಕತ್ತರಿಸಲಿಲ್ಲ, ಕಾಯುತ್ತಿದ್ದ. ನನಗೆ ಅದೇ ಕನ್ನಡಿ ಕಂಡಿತು. ನಮ್ಮೂರಿನ ಕಟಿಂಗ್ ಶಾಪ್ ಬಗ್ಗೆ ಹೇಳಿದೆ. ತಂಡ ಗೆದ್ದ ದಿನಕ್ಕಿಂತ ಸೋತ ದಿನ ಅಲ್ಲಿ ಜನ ಜಾಸ್ತಿ ಸೇರುತ್ತಿದ್ದರು ಅಂದೆ. "ಅಂಗಡಿಯವನು ಏನಂತಿದ್ದ?" ಅಂತ ಕೇಳಿದ. ಒಬ್ಬ ದೊಡ್ಡ ಆಟಗಾರ ಇಡೀ ದಿನ ಆಡಿ 36 ಹೊಡೆದದ್ದು, ಅಣ್ಣ ಬೇರೆ ಏನೂ ಹೇಳದೆ ಆ ಸಂಖ್ಯೆ ಮಾತ್ರ ಹೇಳುತ್ತಿದ್ದದ್ದು, ಅದಕ್ಕೆ ಅಂಗಡಿಯೆಲ್ಲ ನಗುತ್ತಿದ್ದದ್ದು ಹೇಳಿದೆ. ಕೊನೆಗೆ ಕೇಳಿದೆ, "ನಿನ್ನೆಯದನ್ನು ನೆನೆಸಿಕೊಂಡು ನಾವು ನಗೋದು ಯಾವಾಗ? ಫೋನ್ ಇಟ್ಟು ಕೇಳ್ತೀನಿ."

ಫೋನ್ ಇಟ್ಟು ರೇಡಿಯೋ ಸೌಂಡ್ ಜೋರು ಮಾಡಿದೆ. ಆಗ ಕಾರಿನ ಒಳಗೆ ನನ್ನದೇ ದನಿ ಬಂತು, ಕೆಲವು ಸೆಕೆಂಡ್ ಹಿಂದಿನದು. ತಿಪಟೂರಿನ ಇಂಗ್ಲಿಷಿನಲ್ಲಿ 36ರ ಕಥೆ ಹೇಳುತ್ತಿದ್ದೆ. ಲಾರಿಯವರಿಗೆ, ಬೇಕರಿಯವರಿಗೆ, ಎಷ್ಟೋ ರಾಜ್ಯಗಳಾಚೆ ನಿದ್ದೆ ಬಾರದೆ ಕೂತವರಿಗೆ.

ಆಮೇಲೆ ಹೋಸ್ಟ್ ಅಂದ, "ಯಾವಾಗ ಅಂತ ಗೊತ್ತಿಲ್ಲಪ್ಪ ಎಡಿಸನ್. ಆದ್ರೆ ನಮಗೂ ಒಂದು ಸಂಖ್ಯೆ ಸಿಕ್ತು. ಬೇಯಾನ್, ಲೈನ್‌ನಲ್ಲಿ ಇದ್ದೀಯಾ? ಹೇಳು."

ಬೇಯಾನ್‌ನವನು ಒಂದು ದೊಡ್ಡ ಉಸಿರು ಬಿಟ್ಟ.

"17."